ಶಿಲ್ಪಿಯ ಕೈ ಕಡಿಸಿದ ಅರಸ ಯಾರು? ಪಣೋಲಿಬೈಲಿನಿಂದ ಕಾರ್ಕಳದ ಬೆಟ್ಟದವರೆಗೆ ಒಂದು ಹುಡುಕಾಟ

ಕಾರ್ಕಳದ ಗೊಮ್ಮಟನ ಫೋಟೋ, ಅದರ ಕೆಳಗೆ ನಾಲ್ಕೈದು ಸಾಲು ಬರಹ. ಈ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಸಾರಾಂಶ ಇಷ್ಟು: ಕಾರ್ಕಳದ ಅರಸ ವೀರಪಾಂಡ್ಯ ಭೈರರಸ ಒಬ್ಬ ಶಿಲ್ಪಿಯಿಂದ ಗೊಮ್ಮಟನನ್ನು ಕೆತ್ತಿಸಿದ. ಇಂಥದ್ದೇ ಇನ್ನೊಂದು ಮೂರ್ತಿ ಬೇರೆಲ್ಲೂ ಆಗಬಾರದೆಂದು ಕೆಲಸ ಮುಗಿದ ದಿನವೇ ಆ ಶಿಲ್ಪಿಯ ಎಡಗೈ, ಬಲಗಾಲು ಕಡಿಸಿದ. ಶಿಲ್ಪಿ ಹಟ ಬಿಡದೆ ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆದು ನಿಲ್ಲಿಸಿದ. ನಿಜವಾದ ಇತಿಹಾಸ ಇದು, ಎಲ್ಲರಿಗೂ ಕಳಿಸಿ ಎಂಬ ಮಾತಿನೊಂದಿಗೆ ಸಂದೇಶ ಮುಗಿಯುತ್ತದೆ.

ನಮ್ಮಲ್ಲಿ ಹಲವರು ಶಾಲೆಯಲ್ಲಿದ್ದಾಗ ಕೇಳಿದ್ದೂ ಇದೇ ಕಥೆ. ಪ್ರವಾಸಕ್ಕೆ ಕರೆದುಕೊಂಡು ಹೋದ ಮೇಷ್ಟ್ರು ಮೂರ್ತಿಯ ಪಾದದ ಬುಡದಲ್ಲಿ ನಿಲ್ಲಿಸಿ ಹೇಳಿದ್ದನ್ನು ಅನುಮಾನಿಸುವ ವಯಸ್ಸು ಅದಾಗಿರಲಿಲ್ಲ. ಈಗ ಓದುಗರು ಮತ್ತೆ ಮತ್ತೆ ಇದನ್ನೇ ಕಳಿಸಿ ನಿಜವೇ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಕಥೆ ಬದುಕಿರುವ ಜಾಗಗಳನ್ನು ಒಂದೊಂದಾಗಿ ನೋಡಿ ಬರೋಣ ಎಂದು ಹೊರಟೆವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಕೊನೆಗೆ ಕಾರ್ಕಳ. ಬೆಳಿಗ್ಗೆ ಬೇಗ ಹೊರಟರೆ ಒಂದು ದಿನದಲ್ಲಿ ಮುಗಿಯುವ ಸುತ್ತು.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಕಲ್ಕುಡ ಮತ್ತು ಕಲ್ಲುರ್ಟಿ ತುಳುನಾಡಿನಲ್ಲಿ ಇಂದಿಗೂ ಆರಾಧನೆ ಪಡೆಯುವ ದೈವಗಳು. ನಂಬಿಕೆಯನ್ನು ಅಳೆಯುವ ಕೆಲಸ ನಮ್ಮದಲ್ಲ. ಫಾರ್ವರ್ಡ್ ತನ್ನನ್ನು ಇತಿಹಾಸ ಎಂದು ಕರೆದುಕೊಂಡಿದೆ, ಒಬ್ಬ ಅರಸನ ಹೆಸರು ಹಿಡಿದು ಅಪರಾಧ ಹೊರಿಸಿದೆ. ನಾವು ಪರೀಕ್ಷಿಸುವುದು ಆ ಎರಡನ್ನು ಮಾತ್ರ.

ಪಣೋಲಿಬೈಲು: ಕಥೆ ಇರುವ ಜಾಗ

ಬಿ.ಸಿ. ರೋಡಿನಿಂದ ಪಾಣೆಮಂಗಳೂರಿನ ಸೇತುವೆಯಲ್ಲಿ ನೇತ್ರಾವತಿ ದಾಟಿ, ಮೆಲ್ಕಾರಿನಲ್ಲಿ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಸಜಿಪಮೂಡ ಗ್ರಾಮದ ಪಣೋಲಿಬೈಲು ಸಿಗುತ್ತದೆ. ಬಂಟ್ವಾಳ ತಾಲೂಕಿನ ಈ ಕಲ್ಲುರ್ಟಿ ಕ್ಷೇತ್ರಕ್ಕೆ ಜಿಲ್ಲೆಯ ಹೊರಗಿನಿಂದಲೂ ಜನ ಬರುತ್ತಾರೆ. ಇಲ್ಲಿನ ದೊಡ್ಡ ಸೇವೆ ಅಗೆಲು: ಬಾಳೆಎಲೆಯಲ್ಲಿ ಅನ್ನ, ಕೋಳಿಯ ಪದಾರ್ಥ ಬಡಿಸಿ ದೈವಕ್ಕೆ ಒಪ್ಪಿಸುವುದು. ಕಳವಾದದ್ದು ಸಿಗಲಿ, ಕಳೆದುಹೋದದ್ದು ಮರಳಲಿ, ಅನ್ಯಾಯ ಮಾಡಿದವರಿಗೆ ಬುದ್ಧಿ ಬರಲಿ ಎಂದು ಹರಕೆ ಹೊತ್ತವರೇ ಸಾಲಿನಲ್ಲಿ ಹೆಚ್ಚು. ಈ ಕಳವಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಲ್ಲುರ್ಟಿ ಯಾರು ಎಂಬುದನ್ನು ಹೇಳುವುದು ಪಾಡ್ದನ, ಅಂದರೆ ನೇಮ ಕೋಲಗಳಲ್ಲಿ ಹಾಡುವ ತುಳು ಕಥನಗೀತೆ. ವಿವರಗಳು ಪಾಠದಿಂದ ಪಾಠಕ್ಕೆ ಬದಲಾಗುತ್ತವೆ, ಎಲುಬುಗೂಡು ಮಾತ್ರ ಒಂದೇ. ಶಂಭು ಕಲ್ಕುಡ ಎಂಬ ಕಲ್ಲುಕೆಲಸದವನು ಬಸುರಿ ಹೆಂಡತಿಯನ್ನು ಬಿಟ್ಟು ಬೆಳ್ಗೊಳಕ್ಕೆ, ಅಂದರೆ ಶ್ರವಣಬೆಳಗೊಳಕ್ಕೆ ಕೆಲಸಕ್ಕೆ ಹೋಗುತ್ತಾನೆ. ಮಗ ಬೀರ ಕಲ್ಕುಡ ಬೆಳೆದು ದೊಡ್ಡವನಾಗಿ ತಂದೆಯನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾನೆ. ತಂದೆಯ ಕೆಲಸದಲ್ಲಿ ಒಂದು ದೋಷ ತೋರಿಸುತ್ತಾನೆ, ಕಲ್ಲಿನ ಹೊಟ್ಟೆಯಲ್ಲಿ ಕಪ್ಪೆ. ಅವಮಾನ ತಡೆಯಲಾರದೆ ತಂದೆ ಪ್ರಾಣ ಬಿಡುತ್ತಾನೆ. ಆಮೇಲೆ ಮಗನಿಗೆ ಕಾರ್ಕಳದ ಅರಮನೆಯಿಂದ ಕರೆ. ಗೊಮ್ಮಟ ಎದ್ದು ನಿಲ್ಲುತ್ತಾನೆ. ಉಡುಗೊರೆ ಸಿಗಬೇಕಿದ್ದ ದಿನ ಅರಸ ಎಡಗೈ, ಬಲಗಾಲು ತೆಗೆಸುತ್ತಾನೆ. ಕಲ್ಕುಡ ವೇಣೂರಿಗೆ ಹೋಗಿ ಅಜಿಲ ಅರಸನಿಗೆ ಇನ್ನೊಂದು ಮೂರ್ತಿ ಮಾಡಿಕೊಡುತ್ತಾನೆ. ಅಣ್ಣನನ್ನು ಹುಡುಕಿ ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ಕಂಡು ಸಿಟ್ಟಾಗುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಕಾರ್ಕಳದ ಅರಮನೆಗೆ ನಿದ್ದೆ ಇಲ್ಲದ ಹಾಗೆ ಮಾಡುತ್ತಾರೆ.

ಕಪ್ಪೆಯ ಭಾಗ ಓದಿದಾಗ ನಿಮಗೆ ಬೇಲೂರಿನ ಕಪ್ಪೆ ಚೆನ್ನಿಗರಾಯನ ನೆನಪಾಗಿರಬೇಕು. ಜಕಣಾಚಾರಿ, ಡಂಕಣಾಚಾರಿ ಕಥೆಯ ಜೀವಾಳವೂ ಅದೇ: ತಂದೆಯನ್ನು ತಿಳಿಯದ ಮಗ, ಕಲ್ಲೊಳಗಿನ ಕಪ್ಪೆ. ಎರಡು ಬೇರೆ ಊರು, ಬೇರೆ ಭಾಷೆ, ಬೇರೆ ಶಿಲ್ಪಿಗಳ ಬದುಕಿನಲ್ಲಿ ಒಂದೇ ಘಟನೆ ಬಂದರೆ ಅದು ಘಟನೆಯಲ್ಲ, ಕಥೆ ಎಂದು ಮೊದಲ ಸಂಶಯ ಬರಬೇಕು. ಬೇಲೂರಿನ ಕಲ್ಲಿನಲ್ಲಿ ಸಹಿ ಮಾಡಿರುವ ನಿಜವಾದ ತಂದೆ ಮಗ ಬಳ್ಳಿಗಾವೆಯ ದಾಸೋಜ ಮತ್ತು ಚಾವಣ. ಅವರ ಹೆಸರು ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ.

ಈ ಪಾಡ್ದನ ಅಚ್ಚಿಗೆ ಬಂದದ್ದು ಬಹಳ ತಡವಾಗಿ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ 1886ರಲ್ಲಿ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳ ಪುಸ್ತಕ ಹೊರತಂದಿತು. ಇಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲ್ ಸೇರಿಸಿಟ್ಟಿದ್ದ ಪಾಠಗಳು ಆತ ತೀರಿಕೊಂಡ ಮೇಲೆ, 1894ರಿಂದ ಇಂಗ್ಲಿಷಿನಲ್ಲಿ ಪ್ರಕಟವಾದವು. ಹಾಡು ಅದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಮುಖ್ಯವಾದ ಒಂದು ವಿಷಯ ಗಮನಿಸಿ. ಹಾಡಿನಲ್ಲಿ ಬರುವ ಅರಸ ಭೈರವ ಸೂಡ, ಎಂದರೆ ಕಾರ್ಕಳದ ಭೈರರಸ. ಭೈರರಸ ಎಂಬುದು ಒಬ್ಬನ ಹೆಸರಲ್ಲ, ಆ ಮನೆತನದ ಅರಸರೆಲ್ಲ ಇಟ್ಟುಕೊಳ್ಳುತ್ತಿದ್ದ ಬಿರುದು. ಮೈಸೂರಿನ ಒಡೆಯರು ಎಂದರೆ ಯಾವ ಒಡೆಯರು ಎಂದು ಕೇಳಬೇಕಾಗುತ್ತದಲ್ಲ, ಹಾಗೆ. ಕಾರ್ಕಳದ ಮೂರ್ತಿಯ ಶಾಸನದಲ್ಲಿ ವೀರಪಾಂಡ್ಯನ ಹೆಸರಿದೆ, ಹಾಡಿನಲ್ಲಿ ಕೈ ಕಡಿಸಿದ ಭೈರರಸನಿದ್ದಾನೆ. ಎರಡನ್ನೂ ಸೇರಿಸಿ ಹೊಲಿದದ್ದು ನಂತರದವರು.

ವೇಣೂರು: ಕಲ್ಲು ಹೇಳುವ ಇಸವಿ

ಪಣೋಲಿಬೈಲಿನಿಂದ ಹಿಂದಕ್ಕೆ ಬಂದು ಬೆಳ್ತಂಗಡಿಯ ದಾರಿ ಹಿಡಿದು, ಗುರುವಾಯನಕೆರೆಯಲ್ಲಿ ತಿರುಗಿದರೆ ವೇಣೂರು. ಕಾರ್ಕಳದ ಹಾಗೆ ಇಲ್ಲಿ ಬೆಟ್ಟ ಇಲ್ಲ. ಫಲ್ಗುಣಿ ನದಿಯ ದಂಡೆಯ ಸಮತಟ್ಟಿನ ಮೇಲೆ, ಸುಮಾರು 35 ಅಡಿಯ ಮೂರ್ತಿ. ಪ್ರವೇಶದ ಎರಡೂ ಬದಿ ಅರಸನ ಇಬ್ಬರು ರಾಣಿಯರು ಕಟ್ಟಿಸಿದ ಬಸದಿಗಳಿವೆ. ಕೊನೆಯ ಮಹಾಮಸ್ತಕಾಭಿಷೇಕ 2024ರಲ್ಲಿ ನಡೆಯಿತು.

ಮೂರ್ತಿಯನ್ನು ನಿಲ್ಲಿಸಿದವನು ವೇಣೂರಿನ ತಿಮ್ಮಣ್ಣಾಜಿಲ, ಇಸವಿ 1604. ಇದು ಬಾಯಿಮಾತಲ್ಲ, ಮೂರ್ತಿಯ ಬಳಿಯ ಶಾಸನದಲ್ಲೇ ಇದೆ. ಕಾರ್ಕಳದ ಮೂರ್ತಿಯ ಇಸವಿ 1432. ಅದೂ ಶಾಸನದಲ್ಲಿದೆ.

1604ರಿಂದ 1432 ಕಳೆಯಿರಿ. ನಡುವೆ 172 ವರ್ಷ.

ಕಾರ್ಕಳದಲ್ಲಿ ಕೈ ಕಳೆದುಕೊಂಡಾಗ ಶಿಲ್ಪಿಗೆ ಇಪ್ಪತ್ತೈದು ವರ್ಷ ಎಂದಿಟ್ಟುಕೊಂಡರೆ, ವೇಣೂರಿನಲ್ಲಿ ಉಳಿ ಹಿಡಿಯುವ ಹೊತ್ತಿಗೆ ಅವನಿಗೆ 197 ಆಗಿರಬೇಕು. ಹಾಡಿನ ಪೂರ್ತಿ ಲೆಕ್ಕ ಹಿಡಿದರೆ ಇನ್ನೂ ಕಷ್ಟ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 981ರಿಂದ 983ರ ನಡುವಿನದು. ತಂದೆ ಅಲ್ಲಿ, ಮಗ ಕಾರ್ಕಳ ಮತ್ತು ವೇಣೂರಿನಲ್ಲಿ ಎಂದರೆ ತಂದೆ ಮಗ ಇಬ್ಬರೇ ಸೇರಿ ಆರು ಶತಮಾನಕ್ಕೂ ಹೆಚ್ಚು ಕಾಲ ಕಲ್ಲು ಕಡೆದಿರಬೇಕಾಗುತ್ತದೆ.

ಹಾಡಿಗೆ ಇದರಿಂದ ಏನೂ ಕುಂದಿಲ್ಲ. ಹಾಡು ಇಸವಿ ಬರೆದಿಡುವುದಿಲ್ಲ. ಕಲ್ಕುಡ ಎಂದರೆ ಕಲ್ಲು ಕುಟ್ಟುವವನು, ಅದು ಕಸುಬಿನ ಹೆಸರು. ಹಲವು ತಲೆಮಾರಿನ ಕಲ್ಲುಕುಟಿಗರ ಬದುಕು ಸೇರಿ ಒಬ್ಬ ಕಲ್ಕುಡನಾಗಿರುವುದು ಬಾಯಿಂದ ಬಾಯಿಗೆ ಬಂದ ಕಥೆಗಳ ಸಹಜ ಗುಣ. ತೊಂದರೆ ಶುರುವಾಗುವುದು ಆ ಒಬ್ಬನನ್ನು ಹಿಡಿದು ವೀರಪಾಂಡ್ಯನ ಆಳ್ವಿಕೆಗೆ ಕಟ್ಟಿಹಾಕಿದಾಗ.

ಒಂದೇ ಕೈಯಲ್ಲಿ ಕೆತ್ತಲು ಸಾಧ್ಯವೇ?

ಇದನ್ನೂ ಹಲವರು ಕೇಳಿದ್ದಾರೆ. ಕಲ್ಲು ಕಡೆಯುವ ಬಲಗೈಯವರು ಸುತ್ತಿಗೆಯನ್ನು ಬಲಗೈಯಲ್ಲಿ, ಉಳಿಯನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಎಡಗೈ ಹೋದರೆ ಉಳಿ ಹಿಡಿಯಲು ಕೈ ಇಲ್ಲ, ಬಲಗಾಲು ಹೋದರೆ ಅಟ್ಟಣೆ ಹತ್ತಲು ಆಗುವುದಿಲ್ಲ. ಹಾಡು ಕಟ್ಟಿದವರಿಗೆ ಕಸುಬು ಗೊತ್ತಿತ್ತು ಎನ್ನುವುದಕ್ಕೆ ಇಷ್ಟು ಸಾಕು.

ಹಾಗಿದ್ದರೂ ಅಸಾಧ್ಯ ಎಂದು ತಕ್ಷಣ ತಳ್ಳಿಹಾಕಲು ನಾವು ತಯಾರಿಲ್ಲ. ಇಷ್ಟು ದೊಡ್ಡ ಮೂರ್ತಿಯನ್ನು ಯಾವ ಕಾಲದಲ್ಲೂ ಒಬ್ಬನೇ ಕೆತ್ತುವುದಿಲ್ಲ. ಬಂಡೆ ಆರಿಸುವವರು, ಬಿಡಿಸುವವರು, ಒರಟು ತೆಗೆಯುವವರು, ನಯ ಮಾಡುವವರು, ಹಗ್ಗ ಎಳೆಯುವವರು, ಕಮ್ಮಾರರು ಎಲ್ಲ ಬೇಕು. ಗ್ರಾನೈಟಿಗೆ ಬಡಿದ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಕುಲುಮೆಯಲ್ಲಿ ಕಾಯಿಸಿ ಮತ್ತೆ ಹದ ಮಾಡುವವರು ದಿನವಿಡೀ ಪಕ್ಕದಲ್ಲೇ ಇರಬೇಕು. ಮುಖ್ಯ ಶಿಲ್ಪಿಯ ಕೆಲಸ ಅಳತೆ, ಪ್ರಮಾಣ, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ. ಅದನ್ನು ಒಂದು ಕೈ ಇಲ್ಲದವನೂ ಮಾಡಬಲ್ಲ.

ಇದಕ್ಕೆ ನಮ್ಮ ಕಾಲದ ಉದಾಹರಣೆ ಇದೇ ಬೆಳ್ತಂಗಡಿ ತಾಲೂಕಿನಲ್ಲಿದೆ. ಧರ್ಮಸ್ಥಳದ ಸುಮಾರು 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಅವರ ನೇತೃತ್ವದ ತಂಡ ಕಾರ್ಕಳದಲ್ಲಿ ಕೆತ್ತಿತು. 1973ರಲ್ಲಿ ಹಲವಾರು ಗಾಲಿಗಳ ಭಾರಿ ಟ್ರಾಲಿಯಲ್ಲಿ ಮಲಗಿಸಿ ಧರ್ಮಸ್ಥಳಕ್ಕೆ ತಂದರು. ರಸ್ತೆಯ ಎರಡೂ ಬದಿ ಜನ ನಿಂತು ನೋಡಿದ ಆ ಪಯಣವನ್ನು ಈಗಲೂ ವರ್ಣಿಸುವ ಹಿರಿಯರು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಪ್ರತಿಷ್ಠೆ ಆದದ್ದು 1982ರಲ್ಲಿ. ಯಂತ್ರ, ಲಾರಿ, ಡಾಂಬರು ರಸ್ತೆ ಇದ್ದ ಕಾಲದಲ್ಲೂ ಕೆಲಸ ಶುರುವಾದಲ್ಲಿಂದ ಪ್ರತಿಷ್ಠೆಯವರೆಗೆ ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಹಾಗಾಗಿ ಒಂಟಿ ಕೈಯ ಶಿಲ್ಪಿ ಎಂಬುದು ವಿಜ್ಞಾನಕ್ಕೆ ವಿರುದ್ಧವಲ್ಲ, 172 ವರ್ಷದ ಅಂತರ ಮಾತ್ರ ವಿರುದ್ಧ.

ಮೂಡುಬಿದಿರೆ ದಾರಿಯಲ್ಲಿ: ಯಾರು ಈ ವೀರಪಾಂಡ್ಯ?

ವೇಣೂರಿನಿಂದ ಮೂಡುಬಿದಿರೆಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಅರಸನ ಪರಿಚಯ ಮಾಡಿಕೊಳ್ಳೋಣ.

ವೀರಪಾಂಡ್ಯ ಭೈರರಸ ಒಡೆಯ ಹುಟ್ಟಿದ ಮನೆತನ ತನ್ನ ಮೂಲವನ್ನು ಘಟ್ಟದ ಮೇಲಿನ ಹೊಂಬುಜದ ಜಿನದತ್ತರಾಯನವರೆಗೆ ಹೇಳಿಕೊಳ್ಳುತ್ತದೆ. ಸಾಂತರ ವಂಶದ ಕವಲು. ಹೊಂಬುಜದಿಂದ ಕಳಸಕ್ಕೆ, ಕಳಸದಿಂದ ಘಟ್ಟ ಇಳಿದು ಕಾರ್ಕಳಕ್ಕೆ ಬಂದವರು. ಅವರ ರಾಜ್ಯವನ್ನು ಕಳಸ ಕಾರ್ಕಳ ರಾಜ್ಯ ಎಂದೇ ಕರೆಯುತ್ತಾರೆ. ಮೇಲೆ ಭದ್ರೆಯ ಸೀಮೆ, ಕೆಳಗೆ ಕರಾವಳಿಯ ಬಯಲು. ಮೆಣಸು, ಅಕ್ಕಿ, ಅಡಿಕೆ ಸಾಗುವ ಘಟ್ಟದ ದಾರಿಗಳ ಎರಡೂ ತುದಿ ಕೈಯಲ್ಲಿದ್ದವನಿಗೆ ಹಣಕ್ಕೆ ಬರವಿರಲಿಲ್ಲ. ಮೇಲೆ ಚಕ್ರವರ್ತಿಯಾಗಿ ವಿಜಯನಗರದ ಇಮ್ಮಡಿ ದೇವರಾಯ, ಊರಿನಲ್ಲಿ ಗುರುವಾಗಿ ಹನಸೋಗೆಯ ಪರಂಪರೆಯ ಲಲಿತಕೀರ್ತಿ ಭಟ್ಟಾರಕ.

ಮನೆತನ ಜೈನ. ಆದರೆ ಕಳಸದಲ್ಲಿ ಕಳಸೇಶ್ವರನಿಗೂ ದಾನ ಕೊಟ್ಟ ಶಾಸನಗಳು ಇದೇ ಅರಸರವು. ಒಂದು ಕೈಯಲ್ಲಿ ಬಸದಿ, ಇನ್ನೊಂದು ಕೈಯಲ್ಲಿ ಶಿವಾಲಯ. ಆಗಿನ ಕಾಲದಲ್ಲಿ ಇದು ವಿಶೇಷವೂ ಅಲ್ಲ, ರಾಜ್ಯ ನಡೆಸುವವರ ಸಾಮಾನ್ಯ ವಿವೇಕ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಕಲ್ಲಿನ ಜಗಲಿಯ ಮೇಲೆ ಬರಿಗಾಲಲ್ಲಿ ನಡೆಯುವುದು ಸ್ವಲ್ಪ ಕಷ್ಟವೇ, ಸಾಧ್ಯವಾದರೆ ಬೆಳಿಗ್ಗೆಯೇ ಇಲ್ಲಿಗೆ ಬನ್ನಿ. ಇಲ್ಲಿ ನಾವು ನೋಡಬೇಕಿದ್ದದ್ದೂ ಇಸವಿಯೇ. ಬಸದಿಯ ಕಾಲ 1430. ಕಾರ್ಕಳದ ಗೊಮ್ಮಟನಿಗಿಂತ ಎರಡು ವರ್ಷ ಮೊದಲು, ಕಾರ್ಕಳದಿಂದ ಸುಮಾರು ಹದಿನೆಂಟು ಕಿಲೋಮೀಟರ್ ದೂರದಲ್ಲಿ. ಇದನ್ನು ಕಟ್ಟಿಸಲು ಹಣ ಹಾಕಿದ್ದರಲ್ಲಿ ಊರಿನ ಜೈನ ವರ್ತಕರ ಪಾಲು ದೊಡ್ಡದು. ಮುಂದೆ ಹಲವು ದಶಕ ಸೇರ್ಪಡೆಗಳು ನಡೆದವು. ಎದುರಿನ ಎತ್ತರದ ಮಾನಸ್ತಂಭ ಭೈರರಸ ಮನೆತನದ ರಾಣಿ ನಾಗಲಾದೇವಿಯ ಕೊಡುಗೆ ಎನ್ನುತ್ತಾರೆ. ಭೈರಾದೇವಿ ಮಂಟಪದ ತಳಪಾಯದಲ್ಲಿ ಜಿರಾಫೆ, ಚೀನಾದ ಡ್ರ್ಯಾಗನ್ ಕೆತ್ತನೆಗಳಿವೆ, ಮಕ್ಕಳು ಜೊತೆಗಿದ್ದರೆ ಹುಡುಕಲು ಹೇಳಿ. ಆಫ್ರಿಕಾದ ಪ್ರಾಣಿ ತುಳುನಾಡಿನ ಕಲ್ಲಿಗೆ ಬಂದದ್ದು ಈ ಕರಾವಳಿಯ ಕಡಲ ವ್ಯಾಪಾರದ ಗುರುತು.

ಎರಡು ವರ್ಷದ ಅಂತರದಲ್ಲಿ, ಒಂದು ದಿನದ ನಡಿಗೆಯ ದೂರದಲ್ಲಿ ಇಂಥ ಎರಡು ಭಾರಿ ಕಲ್ಲುಕೆಲಸ. ಎರಡೂ ಕಡೆ ಬೇರೆ ಬೇರೆ ಶಿಲ್ಪಿಗಳೇ ಇದ್ದರು ಎನ್ನುವುದಕ್ಕಿಂತ ಕೆಲವರಾದರೂ ಇಲ್ಲಿಂದ ಅಲ್ಲಿಗೆ ಹೋದರು ಎನ್ನುವುದೇ ಹೆಚ್ಚು ಸಹಜ. ಇದು ನಮ್ಮ ಊಹೆ, ಶಾಸನದ ಮಾತಲ್ಲ. ಆದರೆ ಒಂದು ಕೆಲಸ ಮುಗಿದರೆ ಇನ್ನೊಂದಕ್ಕೆ ಶಿಲ್ಪಿಗಳು ಬೇಕೇ ಬೇಕಾದ ಕಾಲ ಅದು. ಕೈ ಕಡಿಸುವ ಅರಸ ಎಂಬ ಸುದ್ದಿ ಹಬ್ಬಿದರೆ ಮಾರನೆಯ ದಿನ ಕೆಲಸಕ್ಕೆ ಯಾರು ಬರುತ್ತಾರೆ?

ಕಾರ್ಕಳದ ಬೆಟ್ಟ

ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿದ ಊರು. ಬಂಡೆಯ ಮೆಟ್ಟಿಲು ಹತ್ತಿ ಮೇಲೆ ಹೋದರೆ ಸುಮಾರು 42 ಅಡಿಯ ಮೂರ್ತಿ, ತೂಕ 80 ಟನ್ ಇರಬಹುದೆಂದು ಹಳೆಯ ಅಂದಾಜು. ಬೆನ್ನ ಹಿಂದೆ ಪಶ್ಚಿಮ ಘಟ್ಟದ ಸಾಲು ಕಾಣುತ್ತದೆ. ಮೂರ್ತಿಯನ್ನು ಬೇರೆಡೆ ಕಡೆದು ಗಾಲಿ ಬಂಡಿಯಲ್ಲಿ ಬೆಟ್ಟಕ್ಕೆ ಎಳೆದು ತಂದ ಕಥೆಯನ್ನು 1646ರಲ್ಲಿ ಚಂದ್ರಮ ಕವಿ ತನ್ನ ಕಾರ್ಕಳದ ಗೊಮ್ಮಟೇಶ್ವರ ಚರಿತೆಯಲ್ಲಿ ಹೇಳಿದ್ದಾನೆ.

ಮೂರ್ತಿಯ ಎರಡು ಬದಿ ಎರಡು ಶಾಸನ, ಒಂದು ಸಂಸ್ಕೃತ, ಒಂದು ಕನ್ನಡ. ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ಹಾಗೆ ಮಾಡಿದರೆ 1431 ಬರುತ್ತದೆ. ಆದರೆ ಫಾಲ್ಗುಣ ನಮ್ಮ ವರ್ಷದ ಕೊನೆಯ ತಿಂಗಳು, ಅಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಜನವರಿ ದಾಟಿ ಹೊಸ ಇಸವಿ ಶುರುವಾಗಿರುತ್ತದೆ. ಆದ್ದರಿಂದ 79 ಕೂಡಿಸಬೇಕು: 1432, ಫೆಬ್ರವರಿ 13. ಆಗಿನ ಜೂಲಿಯನ್ ಕ್ಯಾಲೆಂಡರಿನಲ್ಲಿ ಆ ದಿನ ಯಾವ ವಾರ ಎಂದು ನಾವೂ ಲೆಕ್ಕ ಹಾಕಿ ನೋಡಿದೆವು. ಬುಧವಾರವೇ. ಆರು ಶತಮಾನದ ಹಿಂದಿನ ಕಲ್ಲು ವಾರವನ್ನೂ ತಪ್ಪಿಲ್ಲದೆ ಹೇಳುವಾಗ ಅದರ ಇಸವಿಯನ್ನು ಅನುಮಾನಿಸಲು ಕಾರಣ ಕಡಿಮೆ.

ಶಾಸನ ಹೆಸರಿಸುವುದು ಸೋಮವಂಶದ ಭೈರವೇಂದ್ರನ ಮಗ ವೀರಪಾಂಡ್ಯನನ್ನು, ಪ್ರೇರಣೆ ಕೊಟ್ಟ ಗುರು ಲಲಿತಕೀರ್ತಿಯನ್ನು. ಶಿಲ್ಪಿಯ ಹೆಸರು ಅದರಲ್ಲಿಲ್ಲ.

ಮೂರ್ತಿಯ ಎದುರಿಗೆ ಬ್ರಹ್ಮದೇವರ ಕಂಬವೊಂದಿದೆ. ಬಂದವರೆಲ್ಲ ಗೊಮ್ಮಟನ ಜೊತೆ ಸೆಲ್ಫಿ ತೆಗೆಯುವಾಗ ಆ ಕಂಬಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ನಮ್ಮ ಪ್ರಶ್ನೆಗೆ ಉತ್ತರದ ಒಂದು ತುಂಡು ಇರುವುದು ಅಲ್ಲಿ. ಅದನ್ನು ನಿಲ್ಲಿಸಿದವನೂ ಇದೇ ವೀರಪಾಂಡ್ಯ, 1436ರಲ್ಲಿ. ಗೊಮ್ಮಟ ಮುಗಿದು ನಾಲ್ಕು ವರ್ಷದ ಮೇಲೆಯೂ ಅವನ ಬೆಟ್ಟದಲ್ಲಿ ಒಳ್ಳೆಯ ಶಿಲ್ಪಿಗಳು ಕೆಲಸ ಮಾಡುತ್ತಿದ್ದರು. ಇದೇ ಊರಿನಲ್ಲಿ ಅವನ ವಂಶದ ಇಮ್ಮಡಿ ಭೈರರಸ 1586ರಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಬೆಟ್ಟದಿಂದ ನೋಡಿದರೆ ಎದುರಿಗೇ ಕಾಣುತ್ತದೆ.

ಇದೇ ಕಥೆ ಬೇರೆಡೆಯೂ

ತಾಜ್‌ಮಹಲ್ ಕಟ್ಟಿದವರ ಕೈಗಳನ್ನು ಷಾಜಹಾನ್ ಕಡಿಸಿದ ಎಂಬ ಫಾರ್ವರ್ಡ್ ಇದರ ಅಣ್ಣ. ತಾಜ್ ಕೆಲಸ ಪೂರ್ತಿ ಮುಗಿಯುವ ಮೊದಲೇ, 1639ರಲ್ಲಿ, ಅದೇ ಬಾದಶಹ ದೆಹಲಿಯಲ್ಲಿ ಕೆಂಪುಕೋಟೆ ಶುರು ಮಾಡಿದ. ಉಸ್ತಾದ್ ಅಹ್ಮದ್ ಲಾಹೋರಿಯ ಹೆಸರು ಎರಡೂ ಕಡೆ ಬರುತ್ತದೆ. ಮಾಸ್ಕೋದ ಸೇಂಟ್ ಬೆಸಿಲ್ ಚರ್ಚು ಕಟ್ಟಿದವನ ಕಣ್ಣು ಕೀಳಿಸಿದ ಎಂಬ ಆರೋಪ ರಷ್ಯಾದ ಇವಾನ್ ದೊರೆಯ ಮೇಲಿದೆ. ಪ್ರಾಗ್ ನಗರದ ಪ್ರಸಿದ್ಧ ಗಡಿಯಾರ ಮಾಡಿದ ಹಾನುಶ್ ಎಂಬ ಕುಶಲಕರ್ಮಿಯ ಕಣ್ಣನ್ನು ನಗರದ ಹಿರಿಯರು ಕೀಳಿಸಿದರು ಎಂಬ ಕಥೆ ಶತಮಾನಗಳ ಕಾಲ ನಡೆಯಿತು. ಆಮೇಲೆ ಸಿಕ್ಕ ದಾಖಲೆಯ ಪ್ರಕಾರ 1410ರಲ್ಲಿ ಆ ಗಡಿಯಾರ ಮಾಡಿದವನು ಹಾನುಶ್ ಅಲ್ಲವೇ ಅಲ್ಲ, ಮಿಕುಲಾಶ್ ಎಂಬುವನು. ಸ್ಟಿತ್ ಥಾಂಪ್ಸನ್ ಎಂಬ ವಿದ್ವಾಂಸ ತಯಾರಿಸಿದ ಜಗತ್ತಿನ ಜನಪದ ಕಥೆಗಳ ಆಶಯಸೂಚಿಯಲ್ಲಿ ಇಂಥ ಕಥೆಗೆ ಪ್ರತ್ಯೇಕ ಸಂಖ್ಯೆಯನ್ನೇ ಕೊಟ್ಟಿದ್ದಾರೆ. ಅಷ್ಟು ಸಾಮಾನ್ಯ ಇದು.

ಹಾಗಾದರೆ ಹೊಗೆ ಎಲ್ಲಿಂದ ಬಂತು?

ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ ಎಂದು ಕೇಳುವವರಿಗೆ ನಮ್ಮಲ್ಲಿ ಎರಡು ಕಿಡಿಗಳಿವೆ.

ಒಂದು ವೇಣೂರಿನದು. ತಿಮ್ಮಣ್ಣಾಜಿಲ ಗೊಮ್ಮಟನನ್ನು ನಿಲ್ಲಿಸಲು ಹೊರಟಾಗ ಆಗಿನ ಕಾರ್ಕಳದ ಭೈರರಸನಿಗೆ ಅದು ಸಹಿಸಲಿಲ್ಲ, ತನ್ನ ಊರಿನ ಹೆಸರು ಮಂಕಾಗುತ್ತದೆಂದು ಮೂರ್ತಿಯನ್ನೇ ಕೇಳಿದ, ಅಜಿಲ ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಬಚ್ಚಿಟ್ಟ, ಕಾಳಗವೇ ಆಯಿತು ಎಂದು ಇಲ್ಲಿನ ಐತಿಹ್ಯ. ಅಂದರೆ ಇನ್ನೊಂದು ಗೊಮ್ಮಟ ಆಗಬಾರದು ಎಂದು ಹೊಟ್ಟೆಕಿಚ್ಚು ಪಟ್ಟ ಭೈರರಸ ನೆನಪಿನಲ್ಲಿ ಇದ್ದಾನೆ. ಆದರೆ ಅವನು 1604ರ ಸುಮಾರಿನವನು. ಅವನ ಹೊಟ್ಟೆಕಿಚ್ಚನ್ನು 172 ವರ್ಷ ಹಿಂದಕ್ಕೆ ಒಯ್ದು ವೀರಪಾಂಡ್ಯನ ತಲೆಗೆ ಕಟ್ಟಲು ಒಂದೇ ಬಿರುದು ಸಾಕಾಯಿತು.

ಇನ್ನೊಂದು ಕಿಡಿ ಶಿಕ್ಷೆಯದು. ನಮಗೆ ಈ ಪ್ರವಾಸದಲ್ಲಿ ಹೆಚ್ಚು ಕಾಡಿದ್ದು ಇದೇ. ಒಂದು ಕೈ, ಒಂದು ಕಾಲು ಎಂಬ ಜೋಡಿ ಎಲ್ಲಿಂದ ಬಂತು? ಶಿಲ್ಪಿಯನ್ನು ತಡೆಯಲು ಎರಡು ಕೈ ಕಡಿದರೆ ಸಾಕಿತ್ತು. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅಲ್ಲಿನ ಶಿಕ್ಷೆಗಳ ಬಗ್ಗೆ ಬರೆದಿದ್ದಾನೆ. ಕದ್ದದ್ದು ಎಷ್ಟೇ ಚಿಕ್ಕದಿರಲಿ, ಕಳ್ಳನಿಗೆ ಒಂದು ಕೈ ಮತ್ತು ಒಂದು ಕಾಲು ಕಡಿಯುತ್ತಿದ್ದರಂತೆ. ಆ ಕಾಲದ ಕಿವಿಗೆ ಕಲ್ಕುಡನ ಶಿಕ್ಷೆ ಕೇಳಿದ ಕೂಡಲೇ ಅರ್ಥವಾಗಿರಬೇಕು: ಅವನನ್ನು ಕಳ್ಳನ ಸಾಲಿಗೆ ಸೇರಿಸಿದರು. ತನ್ನ ಕಸುಬನ್ನು ಇನ್ನೊಬ್ಬರಿಗೆ ಮಾಡಿಕೊಡುವುದೇ ಕಳ್ಳತನ, ಆ ಕೈ ಅರಮನೆಯ ಸೊತ್ತು ಎಂಬ ಲೆಕ್ಕ. ಇದು ನಮ್ಮ ಓದು, ಒಪ್ಪಲೇಬೇಕೆಂದಿಲ್ಲ. ಆದರೆ ಪಣೋಲಿಬೈಲಿನಲ್ಲಿ ಕಳವಿನ ದೂರು ಹಿಡಿದು ನಿಂತ ಜನರ ಸಾಲು ಕಾರ್ಕಳದ ಬೆಟ್ಟದ ಮೇಲೆ ನಮಗೆ ಮತ್ತೆ ನೆನಪಾಯಿತು. ಕಳ್ಳನ ಶಿಕ್ಷೆ ಅನುಭವಿಸಿದವನ ತಂಗಿಯ ಹತ್ತಿರ ಕಳವಿಗೆ ನ್ಯಾಯ ಕೇಳುತ್ತಾರೆ.

ಹೀಗೆ ನೋಡಿದರೆ ವೀರಪಾಂಡ್ಯನ ಮೇಲೆ ಹೊರಿಸಿದ ಅಪರಾಧಕ್ಕೆ ಅವನ ಕಾಲದ ಸಾಕ್ಷಿ ಇಲ್ಲ. ವೇಣೂರಿನ ಮೂರ್ತಿಯನ್ನು ಅವನ ಶಿಲ್ಪಿ ಮಾಡಿರಲು ಸಾಧ್ಯವೂ ಇಲ್ಲ. ಫಾರ್ವರ್ಡ್ ಸುಳ್ಳು. ಆದರೆ ಹಾಡನ್ನು ಸುಳ್ಳು ಎಂದು ಕರೆಯಲು ನಮ್ಮ ಬಾಯಿ ಬರುವುದಿಲ್ಲ. ಕಲ್ಲಿನ ಶಾಸನ ಬರೆಸಿದವರು ಅರಸನನ್ನೂ ಗುರುವನ್ನೂ ನೆನಪಿಟ್ಟರು. ಉಳಿ ಹಿಡಿದವನ ನೆನಪನ್ನು ಇಟ್ಟುಕೊಂಡದ್ದು, ಅವನಿಗೊಬ್ಬ ತಂದೆ, ತಾಯಿ, ತಂಗಿ ಇದ್ದರು ಎಂದು ಹೇಳಿದ್ದು ಪಾಡ್ದನ ಒಂದೇ.

ವೀರಪಾಂಡ್ಯನ ವಂಶ ಮುಂದೆ ಕೆಳದಿಯವರ ಒತ್ತಡದಲ್ಲಿ ಸೊರಗಿತು, ಹೈದರಾಲಿಯ ಕಾಲಕ್ಕೆ ಅದರ ಆಳ್ವಿಕೆಯ ಕಥೆ ಮುಗಿಯಿತು. ಅಜಿಲರ ಮನೆತನ ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲಿ ಈಗಲೂ ಇದೆ. ಕಲ್ಕುಡ ಕಲ್ಲುರ್ಟಿಯರ ಸ್ಥಾನಗಳಂತೂ ತುಳುನಾಡಿನ ಮೂಲೆಮೂಲೆಯಲ್ಲಿವೆ.

ನಾವು ಬೆಟ್ಟ ಇಳಿಯುವ ಹೊತ್ತಿಗೆ ಶಾಲಾ ಮಕ್ಕಳ ಬಸ್ಸೊಂದು ಬಂದು ನಿಂತಿತು. ಮೇಷ್ಟ್ರು ಮಕ್ಕಳನ್ನು ಸಾಲು ಮಾಡಿಸುತ್ತಿದ್ದರು. ಎದುರಿನ ಕಂಬದ ಬುಡದಲ್ಲೂ ಬರಹ ಇದೆ, ಅದರ ಇಸವಿಯನ್ನೂ ಮಕ್ಕಳಿಗೆ ಹೇಳಿ ಎಂದು ಅವರಿಗೆ ತಿಳಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆವು.